ಕಾಶಿ ಕೂಡಿಸು ಗುಲಗಂಜಿ

ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೌಲ್ಯವೊಂದನ್ನು ಗುರುತಿಸಲು ಇಡುವ ಹೆಸರಿಗೆ ವೇರಿಯಬಲ್, ಅಂದರೆ ಚರಾಂಶ, ಎನ್ನುತ್ತಾರೆ. ಕನ್ನಡ ಲಿಪಿಯ ಹೆಸರುಗಳನ್ನೂ ಈ ಭಾಷೆ ಒಪ್ಪುವುದರಿಂದ, ಊರ ಹೆಸರುಗಳನ್ನೇ ಇಡಹೊರಟರೆ ನಂಜನಗೂಡಿಗೆ ಪ್ರವೇಶ ಸಲೀಸು; ಆದರೆ ತಿ. ನರಸೀಪುರಕ್ಕೆ ಅದರ ಚುಕ್ಕಿಯೇ ಕಂಟಕವಾಗಿದ್ದು, ಅದನ್ನು ಕಂಡೊಡನೆ ಯಂತ್ರವು ‘ತಿ’ ಎಂಬ ವಸ್ತುವಿನೊಳಗೆ ‘ನರಸೀಪುರ’ ಎಂಬ ಗುಣವನ್ನು ಹುಡುಕಹೊರಟು, ‘ತಿ’ ಎಂಬುದೇ ಘೋಷಣೆಯಾಗಿಲ್ಲವೆಂದು ದೂರುತ್ತದೆ. ತಿರುಮಕೂಡಲನ್ನು ಒಂದೇ ಅಕ್ಷರಕ್ಕೆ ಇಳಿಸಿದ ಉಳಿತಾಯ ಇಲ್ಲಿ ದುಬಾರಿ.

2015ರ ಪರಿಷ್ಕರಣೆಯಲ್ಲಿ ಬಂದ ಘೋಷಣಾಪದಗಳ ಪೈಕಿ ‘ಕಾನ್ಸ್ಟ್’ ಎಂದು ಘೋಷಿಸಿದ ಹೆಸರಿಗೆ ಮರುನಿಯೋಜನೆ, ಅಂದರೆ ಬೇರೆ ಮೌಲ್ಯವನ್ನು ಕೊಡುವುದು, ನಿಷಿದ್ಧ. ‘ಲೆಟ್’ ಎಂದರೆ ಅದಕ್ಕೆ ಅವಕಾಶವಿದೆ. ಆದಕಾರಣ ನಂಜನಗೂಡಿನ ನಂಜುಂಡೇಶ್ವರನ ವಿಳಾಸಕ್ಕೆ ಮೊದಲನೆಯದೂ, ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಸ್ನಾನಘಟ್ಟದ ಮೆಟ್ಟಿಲುಗಳನ್ನು ಮುಳುಗಿಸುವ ಕಪಿಲಾ ನದಿಯ ಮಟ್ಟಕ್ಕೆ ಎರಡನೆಯದೂ ಯುಕ್ತ.

ಚರಾಂಶಕ್ಕೆ ಸಂಖ್ಯೆ, ಪಠ್ಯ ಎಂಬ ಪ್ರಕಾರವನ್ನು ಮೊದಲೇ ನಿಗದಿಪಡಿಸದಿರುವುದು ಈ ಭಾಷೆಯ ಔದಾರ್ಯ. ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರವಾದ ನರಸೀಪುರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬ ಸ್ಥಳೀಯ ನಂಬಿಕೆಯನ್ನು ಲೆಕ್ಕಕ್ಕಿಳಿಸಿ, ಕಾಶಿಯ ಪುಣ್ಯವನ್ನು 100 ಎಂಬ ಸಂಖ್ಯೆಯಾಗಿಟ್ಟು 1 ಕೂಡಿಸಿದರೆ ನರಸೀಪುರದ ಪಾಲು 101. ಅದೇ 100 ಉದ್ಧರಣ ಚಿಹ್ನೆಗಳೊಳಗಿನ ಪಠ್ಯವಾಗಿದ್ದರೆ ಕೂಡಿಸುವ ಚಿಹ್ನೆಯು ಅಂಟಿಸುವ ಕೆಲಸಕ್ಕಿಳಿದು, ಪುಣ್ಯ 1001ಕ್ಕೆ ಜಿಗಿಯುತ್ತದೆ. ವಿಚಿತ್ರವೆಂದರೆ ಅದೇ ಪಠ್ಯದಿಂದ 1 ಕಳೆದರೆ ಯಂತ್ರವು ಸಂಭಾವಿತನಂತೆ 99 ಎನ್ನುತ್ತದೆ. ಜಾಲಪುಟದ ನಮೂನೆಯಲ್ಲಿ ತುಂಬಿದ ಅಂಕಿಗಳು ಸಾಮಾನ್ಯವಾಗಿ ಪಠ್ಯವಾಗಿಯೇ ಬರುವುದರಿಂದ, ಕೂಡುವ ಮೊದಲು ಅವನ್ನು ಸಂಖ್ಯೆಯಾಗಿಸುವುದು ವಿಹಿತ. ಇಲ್ಲವಾದರೆ ಕಾಶಿಯವರು ಆಕ್ಷೇಪಣೆ ಸಲ್ಲಿಸಲು ಸಕಾರಣವಿರುತ್ತದೆ.