ಡಬ್ಬ ಬಿಟ್ಟಿ, ಮಣ್ಣಿಗೆ ದುಡ್ಡು

ಅಯ್ಯೋ, ಆ ಪೇಂಟ್ ಬಕೆಟ್ಟನ್ನ ಕಸಕ್ಕೆ ಹಾಕ್ತಿದ್ದೀರಾ? ತಡೀರಿ ಒಂದ್ನಿಮಿಷ. ಇಪ್ಪತ್ತು ಲೀಟರಿನದ್ದು, ಹಿಡಿಯೂ ಗಟ್ಟಿಮುಟ್ಟಾಗಿದೆ. ಹಾಗೇ ಕಾಂಪೌಂಡ್ ಮೇಲಿಂದ ಈ ಕಡೆ ದಾಟಿಸಿಬಿಡಿ. ನಿಮ್ಮನೇಲಿ ಬಣ್ಣ ಬಳಿಯೋಕೆ ಶುರುವಾದಾಗಿನಿಂದ ನನ್ನ ಕಣ್ಣು ಇದರ ಮೇಲೇ ಇತ್ತು. ಆದರೆ ಪೇಂಟರುಗಳ ಕಣ್ಣು ನನಗಿಂತ ಮೊದಲೇ ಬಿದ್ದಿರುತ್ತೆ, ಕೆಲಸ ಮುಗಿಸಿ ಹೊರಡುವಾಗ ಬ್ರಷ್ಷಿನ ಜೊತೆ ಬಕೆಟ್ಟೂ ಹೊರಟುಬಿಡುತ್ತೆ. ಇದೊಂದು ಹೇಗೋ ಉಳಿದುಕೊಂಡಿದೆ. ಬದನೆಗಿಡಕ್ಕೆ ಹೇಳಿ ಮಾಡಿಸಿದ ಅಳತೆ.

ನಗಬೇಡಿ. ತಾರಸಿ ತೋಟ ಅಂತ ಶುರು ಮಾಡಿದವರಿಗೆ ಪಕ್ಕದ ಮನೆಯ ಕಸದ ಮೇಲೆ ಆಸೆ ಇದ್ದೇ ಇರುತ್ತೆ. ಬೆಂಗಳೂರಿಗೆ ಈ ಹುಚ್ಚು ಹತ್ತಿಸಿದವರಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ದೊಡ್ಡವರು. ‘ಊಟ ಫ್ರಮ್ ಯುವರ್ ತೋಟ’ ಅಂತ ಸಂತೆ ನಡೆಯುತ್ತಲ್ಲ, ಅಲ್ಲಿ ಬೀಜ, ಗೊಬ್ಬರ, ಗ್ರೋ ಬ್ಯಾಗು ಎಲ್ಲ ಕೊಳ್ಳೋಕೆ ಸಿಗುತ್ತೆ. ಆದರೆ ನನ್ನಂಥವರಿಗೆ ಕುಂಡಕ್ಕೆ ದುಡ್ಡು ಕೊಡೋದು ಅಂದರೆ ಕರುಳು ಕಿತ್ತು ಬರುತ್ತೆ. ತೂತು ಬಿದ್ದ ಪ್ಲಾಸ್ಟಿಕ್ ಕೊಡವನ್ನೂ ಸೊಂಟದವರೆಗೆ ಕೊಯ್ದು ಪುದೀನ ನೆಡೋಕೆ ಆಗುತ್ತಲ್ಲ ಅನ್ನಿಸುತ್ತೆ.

ಮೇಲೆ ಸಾಲಾಗಿ ಬಿಳೀ ಥರ್ಮೋಕೋಲ್ ಪೆಟ್ಟಿಗೆ ಕಾಣುತ್ತಲ್ಲ, ಅವು ಮೀನಂಗಡಿಯವು. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಮಂಜುಗಡ್ಡೆ ತುಂಬಿಸಿಕೊಂಡು ರಾತ್ರಿಯೆಲ್ಲ ಲಾರಿಯಲ್ಲಿ ಬಂದಿರುತ್ತೆ. ಮೀನು ಇಳಿದ ಮೇಲೆ ಅಂಗಡಿಯವನಿಗೆ ಅದೊಂದು ತಲೆನೋವು, ಕೇಳಿದರೆ ಖುಷಿಯಾಗಿ ಕೊಡ್ತಾನೆ. ನಮ್ಮತ್ತೆ ಅದನ್ನ ಸೋಪು ಹಾಕಿ ತೊಳೆಸಿ, ಬಿಸಿಲಿಗೆ ಇಡಿಸಿ, ಅರಿಶಿನದ ನೀರನ್ನೂ ಚಿಮುಕಿಸಿ, ಇಷ್ಟೆಲ್ಲ ಆದಮೇಲೂ ಅದರಲ್ಲಿ ಬೆಳೆದ ಮೆಂತ್ಯ ಸೊಪ್ಪನ್ನ ಹಬ್ಬದ ಅಡುಗೆಗೆ ಹಾಕಲಿಲ್ಲ. ಬರೀ ದಿನದ ಸಾರಿಗೆ ಆಗಬಹುದಂತೆ. ನಾನು ವಾದ ಮಾಡೋಕೆ ಹೋಗಲಿಲ್ಲ. ಥರ್ಮೋಕೋಲಿನ ಒಂದು ಒಳ್ಳೇ ಗುಣ, ಏಪ್ರಿಲ್ ಬಿಸಿಲಲ್ಲಿ ಕಾದ ತಾರಸಿಯ ಶಾಖ ಬೇರಿಗೆ ತಟ್ಟೋಕೆ ಬಿಡೋದಿಲ್ಲ. ಕೆಟ್ಟ ಗುಣ, ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತೆ, ಆ ಬಿಳೀ ಕಾಳು ಗಾಳಿಗೆ ಬೀದಿಯೆಲ್ಲ ಹಾರುತ್ತೆ. ಹೊರಮೈಗೆ ಉಳಿದ ಬಣ್ಣ ಒಂದು ಕೈ ಹೊಡೆದರೆ ಬಾಳಿಕೆ ಬರುತ್ತೆ. ಆದರೆ ನೀರಲ್ಲಿ ಕಲಸೋ ಎಮಲ್ಷನ್ನೇ ಆಗಬೇಕು. ಆಯಿಲ್ ಪೇಂಟು, ಥಿನ್ನರು ತಾಗಿದರೆ ಪೆಟ್ಟಿಗೆ ಕಣ್ಣೆದುರೇ ಕರಗಿ ಗೋಂದಾಗಿಬಿಡುತ್ತೆ.

ಪೇಂಟಿನ ಮಾತು ಬಂತು ಅಂತ ಹೇಳ್ತೀನಿ, ನಿಮ್ಮ ಅಟ್ಟದ ಮೇಲಿರೋ ಆ ಹಳೇ ತಗಡಿನ ಡಬ್ಬ ನನಗೆ ಬೇಡ. ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದೇ 2016ರಲ್ಲಿ, ಜಾರಿಗೆ ಬಂದಿದ್ದು ಮರುವರ್ಷ ನವೆಂಬರಲ್ಲಿ. ಅದಕ್ಕಿಂತ ಹಿಂದಿನ ಡಬ್ಬದಲ್ಲಿ ಏನಿತ್ತೋ ಯಾರು ಕಂಡೋರು. ಪ್ಲಾಸ್ಟಿಕ್ ಆದರೆ ಮಗುಚಿ ತಳ ನೋಡ್ತೀನಿ. ಬಾಣದ ತ್ರಿಕೋನದ ಒಳಗೆ 2 ಅಥವಾ 5 ಅಂತಿದ್ದರೆ ಧೈರ್ಯವಾಗಿ ತಗೋತೀನಿ, 3 ಇದ್ದರೆ ಮುಟ್ಟಲ್ಲ, ಅದು ಪಿವಿಸಿ. ಗುಜರಿ ಅಂಗಡಿಯ ನೀಲಿ ಡ್ರಮ್ಮು ನೋಡೋಕೆ ಚೆಂದ, ಅರ್ಧ ಸೀಳಿದರೆ ತೊಟ್ಟಿಲಿನ ಹಾಗಿರುತ್ತೆ. ಆದರೆ ಒಳಗೆ ಮೊದಲು ಏನು ತುಂಬಿದ್ದರು ಅಂತ ಗುಜರಿಯವನಿಗೂ ಗೊತ್ತಿರಲ್ಲ. ಮುಚ್ಚಳ ತೆಗೆದು ಮೂಸಿ ನೋಡಿ, ಘಾಟು ಬಂದರೆ ಅಲ್ಲೇ ಬಿಟ್ಟು ಬನ್ನಿ. ಸಿಮೆಂಟ್ ಚೀಲ, ಅಕ್ಕಿ ಚೀಲ ಎರಡರ ಕಥೆಯೂ ಒಂದೇ: ವರ್ಷದ ಬಿಸಿಲಿಗೆ ದಾರ ದಾರವಾಗಿ ಬಿಚ್ಚಿಕೊಂಡು, ಎತ್ತೋಕೆ ಹೋದರೆ ಕಿವಿ ಕೈಯಲ್ಲಿ, ಮಣ್ಣು ನೆಲದಲ್ಲಿ. ಆಮೇಲೆ ಮಣ್ಣಿಂದ ಆ ಪ್ಲಾಸ್ಟಿಕ್ ಎಳೆ ಆರಿಸ್ತಾ ಕೂರಬೇಕು. ಅರ್ಧ ಲೀಟರಿನ ನಂದಿನಿ ಪ್ಯಾಕೆಟ್ಟು ಮಾತ್ರ ಚಿನ್ನ. ಮೂಲೆ ಕತ್ತರಿಸಿ, ತೊಳೆದು, ಮಣ್ಣು ತುಂಬಿ ಒಂದೊಂದರಲ್ಲಿ ಒಂದೊಂದು ಮೆಣಸಿನ ಸಸಿ ಎಬ್ಬಿಸಬಹುದು.

ಇನ್ನು ತೂತು. ಎಲ್ಲರೂ ಎಡವೋದು ಇಲ್ಲೇ. ತೂತು ಕೊರೆದು, ಮೇಲೆ ಎರಡು ಬೊಗಸೆ ಜಲ್ಲಿ ಹಾಕಿ, ನೀರು ಚೆನ್ನಾಗಿ ಬಸಿಯುತ್ತೆ ಅಂತಾರೆ. ನಮ್ಮಪ್ಪನ ಕಾಲದಿಂದಲೂ ಈ ಮಾತು ಕೇಳಿದ್ದೀನಿ, ನರ್ಸರಿಯವರೂ ಅದನ್ನೇ ಹೇಳ್ತಾರೆ. ಆದರೆ ಆಗೋದು ತದ್ವಿರುದ್ಧ. ಮಣ್ಣಿನ ಸಣ್ಣ ಸಣ್ಣ ಸಂದು ನೀರನ್ನ ಹಿಡಿದುಕೊಂಡಿರುತ್ತೆ, ಜಲ್ಲಿಯ ದೊಡ್ಡ ಸಂದಿಗೆ ಸುಲಭಕ್ಕೆ ಬಿಟ್ಟುಕೊಡಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದು ತೊಪ್ಪೆಯಾದ ಮೇಲಷ್ಟೇ ನೀರು ಕೆಳಗಿಳಿಯೋದು. ಅಂದರೆ ತಳದಲ್ಲಿರಬೇಕಾದ ರಾಡಿ ಪದರ ಜಲ್ಲಿಯ ಮೇಲೆ ಬಂದು ಕೂತು, ಬೇರಿಗೆ ಇನ್ನೂ ಹತ್ತಿರ ಆಗುತ್ತೆ. ನಂಬಿಕೆ ಇಲ್ಲದಿದ್ದರೆ ಪಾತ್ರೆ ಉಜ್ಜೋ ಸ್ಪಂಜು ಒಂದನ್ನ ನೀರಲ್ಲಿ ನೆನೆಸಿ ಅಡ್ಡಡ್ಡ ಹಿಡೀರಿ. ತೊಟ್ಟಿಕ್ಕೋದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ! ಅದೇ ಸ್ಪಂಜು, ಅಷ್ಟೇ ನೀರು, ಎತ್ತರ ಮಾತ್ರ ಬೇರೆ. ಹಾಗಾಗಿ ಎತ್ತರದ ಬಕೆಟ್ಟಲ್ಲಿ ಟೊಮೆಟೊ, ಬದನೆ, ಬೆಂಡೆ. ತೇವ ನಿಲ್ಲೋ ತಗ್ಗಿನ ಮೀನಿನ ಪೆಟ್ಟಿಗೆಯಲ್ಲಿ ಸೊಪ್ಪು, ಪುದೀನ, ಒಂದೆಲಗ. ಸಲಾಕೆ ಕಾಯಿಸಿ ತಳಕ್ಕೆ ನಾಲ್ಕೈದು ತೂತು, ತಳದಿಂದ ಒಂದಿಂಚು ಮೇಲೆ ಪಕ್ಕಕ್ಕೂ ಒಂದೆರಡು. ಮಣ್ಣು ಜಾರದಂತೆ ತೂತಿನ ಮೇಲೆ ಚೂರು ತೆಂಗಿನ ನಾರು. ಮುಗೀತು.

ಈಗ ನಿಜವಾದ ಖರ್ಚು. ಡಬ್ಬ ಬಿಟ್ಟಿ ಸಿಕ್ಕಿತು, ಅದರೊಳಗೆ ತುಂಬೋದು? ನಮ್ಮ ತಾತ ಬೇಸಿಗೆಯಲ್ಲಿ ಕೆರೆ ಗೋಡನ್ನ ಗಾಡಿಗಟ್ಟಲೆ ಹೊಲಕ್ಕೆ ಹೊಡೀತಿದ್ದರು, ಖರ್ಚು ಅಂದರೆ ಎತ್ತಿನ ಮೇವು. ಇಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಪಾಯ ತೋಡಿದ ಕೆಮ್ಮಣ್ಣು ಚೀಲದಲ್ಲಿ ಕೂತು, ಆಟೋದಲ್ಲಿ ಬಂದು, ಮೆಟ್ಟಿಲು ಹತ್ತಿಸೋಕೆ ಬೇರೆ ಕೂಲಿ ಕೇಳುತ್ತೆ. ಅದಕ್ಕೆ ಗೊಬ್ಬರ ಸೇರಿಸಿ, ಕೋಕೋಪೀಟ್ ಸೇರಿಸಿ. ತಿಪಟೂರು, ಅರಸೀಕೆರೆ ಕಡೆ ನಾರಿನ ಮಿಲ್ಲಿನ ಹಿಂದೆ ರಾಶಿ ಬಿದ್ದಿರುತ್ತಿದ್ದ ಪುಡಿ ಈಗ ಐದು ಕಿಲೋ ಇಟ್ಟಿಗೆಯಾಗಿ ಬರುತ್ತೆ. ನೀರು ಹೊಯ್ದರೆ ಉಬ್ಬಿ ಉಬ್ಬಿ ಎಪ್ಪತ್ತು ಲೀಟರಿನಷ್ಟಾಗುತ್ತೆ, ನೋಡೋಕೇ ಮಜಾ. ಉಪ್ಪಿನಂಶ ಇರುತ್ತೆ, ಒಂದೆರಡು ನೀರಲ್ಲಿ ತೊಳೆದೇ ಬಳಸಬೇಕು. ಅದನ್ನ ಸುಮ್ಮನೆ ಕೊಳ್ಳೋದಲ್ಲ, ಮಣ್ಣಿನ ಭಾರ ಇಳಿಸೋ ತೂಕದ ಲೆಕ್ಕ ಇದೆ. ಒದ್ದೆ ಮಣ್ಣು ತುಂಬಿದ ಇಪ್ಪತ್ತು ಲೀಟರ್ ಬಕೆಟ್ಟು ಮೂವತ್ತು ಕಿಲೋ ದಾಟುತ್ತೆ. ಓಡಾಡೋ ತಾರಸಿಗೆ ಸರ್ಕಾರದ ಮಾನಕದಲ್ಲಿ ಹಿಡಿಯೋ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ಅಷ್ಟೇ ಜಾಗದಲ್ಲಿ ಒತ್ತೊತ್ತಾಗಿ ಒಂಬತ್ತು ಬಕೆಟ್ಟು ಇಟ್ಟರೆ 270! ಅದಕ್ಕೇ ನಮ್ಮ ಬಕೆಟ್ಟೆಲ್ಲ ಗೋಡೆ, ತೊಲೆ ಮೇಲೆ ಬರೋ ಹಾಗೆ ಅಂಚಿಗೆ ಸಾಲು ನಿಂತಿರೋದು. ನಡುವೆ ಬಟ್ಟೆ ಒಣಗಿಸ್ತೀವಿ.

ನೀರಿನದು ಇನ್ನೊಂದು ಗೋಳು. 2024ರ ಮಾರ್ಚಲ್ಲಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದರೆ ಐದು ಸಾವಿರ ದಂಡ ಅಂದರಲ್ಲ, ಆಗಿನಿಂದ ನಮ್ಮನೇಲಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಮೆಟ್ಟಿಲು ಹತ್ತುತ್ತೆ. ಆರ್‌ಓ ಮೆಷಿನ್ನು ಹೊರಗೆ ಬಿಡೋ ನೀರನ್ನ ಮಾತ್ರ ನೆಲ ಒರೆಸೋಕೆ ಇಟ್ಟುಕೊಳ್ಳಿ. ಲವಣವೆಲ್ಲ ಅದರಲ್ಲೇ ಇರುತ್ತೆ, ದಿನಾ ಹಾಕಿದರೆ ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟುತ್ತೆ. ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸೋದೂ ಬೇಡ. ಅದೇ ವರ್ಷ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಮರಿ ಸಿಕ್ಕ ಮನೆಗೂ ದಂಡ ಇಟ್ಟಿತು. ಹೀಗೆ ಗಿಡಕ್ಕೆ ನೀರು ಹಾಕಿದರೂ ದಂಡ, ನೀರು ನಿಂತರೂ ದಂಡ. ಹಳೇ ಟೈರಲ್ಲಿ ಗಿಡ ಬೆಳೆಸೋರಿಗಂತೂ ನಾನು ಕೈ ಮುಗೀತೀನಿ, ಅದರ ಒಳಸುತ್ತಿನಲ್ಲಿ ನಿಂತ ನೀರನ್ನ ದೇವರೇ ಬಂದರೂ ಬಸಿಯೋಕಾಗಲ್ಲ.

ಉಳಿತಾಯ ಆಗುತ್ತಾ ಅಂತೀರಾ? 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಈ ಬೀದಿಯವರೆಲ್ಲ ಸಸಿ ತಂದು ನೆಟ್ಟರಲ್ಲ. ಸಸಿ ನೆಟ್ಟು ಹಣ್ಣು ಕೆಂಪಾಗೋಕೆ ಎರಡು ತಿಂಗಳು ಬೇಕು. ಅಷ್ಟರಲ್ಲಿ ಕೋಲಾರದ ಮಾರುಕಟ್ಟೆಗೆ ಬಾಕ್ಸುಗಳ ಮೇಲೆ ಬಾಕ್ಸು ಬಂದು ಬೆಲೆ ಬಿದ್ದೇ ಹೋಯಿತು. ಟೊಮೆಟೊ ವಿಷಯದಲ್ಲಿ ಕೋಲಾರದವರ ಜೊತೆ ಪೈಪೋಟಿಗೆ ಇಳಿಯಬಾರದು ರೀ. ನನ್ನ ಕೇಳಿದರೆ, ಎರಡೇ ಎಲೆ ಬೇಕಾದಾಗ ಇಡೀ ಕಂತೆ ಕೊಳ್ಳಬೇಕಲ್ಲ, ಅಂಥದ್ದನ್ನ ಬೆಳೀಬೇಕು: ಕರಿಬೇವು, ದೊಡ್ಡಪತ್ರೆ, ಪುದೀನ, ಹಸಿಮೆಣಸು. ತಂಬುಳಿಗೆ ಅಂತ ದೊಡ್ಡಪತ್ರೆ ಕೇಳಿದರೆ ಎಷ್ಟು ಅಂಗಡೀಲಿ ಸಿಗುತ್ತೆ ಹೇಳಿ? ಬೆಂಡೆ ಬೇಕಾದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕ ಅನಾಮಿಕ ತಳಿ ಹಾಕಿ, ಬೀಜ ನೀವೇ ಉಳಿಸಿಕೊಳ್ಳಬಹುದು. ಕೊತ್ತಂಬರಿ ಆದರೆ ಇಡೀ ಕಾಳು ಬಿತ್ತಬೇಡಿ, ಚಪ್ಪಲಿಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಹೊಸ ಚಪ್ಪಲಿ ಅಂತ ನಮ್ಮತ್ತೆಗೆ ಹೇಳಿದ್ದೀನಿ, ನೀವೂ ಹಾಗೇ ಹೇಳಿ.

ಬಸಳೆ ಒಂದಕ್ಕೆ ಮಾತ್ರ ಈ ಬಕೆಟ್ಟುಗಳು ಸಾಲೋದಿಲ್ಲ. ಚಪ್ಪರಕ್ಕೆ ಹಬ್ಬಿಸಬೇಕು ಅಂತ ಆಸೆ, ಅದಕ್ಕೆ ಸ್ವಲ್ಪ ದೊಡ್ಡ ಪಾತ್ರೆಯೇ ಬೇಕು. ಗುಜರಿಯವನ ಹತ್ತಿರ ಮೊನ್ನೆ ವಾಷಿಂಗ್ ಮೆಷಿನ್ನಿನ ಒಳಗಿನ ಸ್ಟೀಲ್ ಡ್ರಮ್ಮು ನೋಡಿದೆ. ತುಕ್ಕು ಹಿಡಿಯಲ್ಲ, ಬಿಸಿಲಿಗೆ ಪುಡಿಯಾಗಲ್ಲ, ಸುತ್ತಲೂ ತೂತು ಕಂಪನಿಯವರೇ ಕೊರೆದು ಕೊಟ್ಟಿರ್ತಾರೆ. ಅಷ್ಟರಲ್ಲಿ ಯಾರೋ ಬಂದು ತಗೊಂಡು ಹೋದರು. ಅಂದಹಾಗೆ, ನಿಮ್ಮ ಮೆಷಿನ್ನು ಇತ್ತೀಚೆಗೆ ಬಟ್ಟೆ ಹಿಂಡುವಾಗ ದಡದಡ ಅಂತ ಸದ್ದು ಮಾಡ್ತಿರುತ್ತಲ್ಲ. ತಗೊಂಡು ಎಷ್ಟು ವರ್ಷ ಆಯ್ತು ಅದು?