ಇತರೆ ಎಂದು ಬರೆಯದ ರಾಯರು

ಪುಸ್ತಕ ಸಿಕ್ಕರೆ ಓದುಗ ತನ್ನ ಅದೃಷ್ಟವನ್ನು ಹೊಗಳಿಕೊಳ್ಳುತ್ತಾನೆ, ಸಿಗದಿದ್ದರೆ ಕ್ಯಾಟಲಾಗ್ ಮಾಡಿದವನನ್ನು ಬೈಯುತ್ತಾನೆ. ಈ ಷರತ್ತಿಗೆ ಒಪ್ಪಿಯೇ ಕ್ಯಾಟಲಾಗ್ ರಾಯರು ಕೆಲಸಕ್ಕೆ ಸೇರಿದ್ದು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಗೋಂದಿನ ಶೀಸೆ, ರಬ್ಬರ್ ಸ್ಟಾಂಪು, ಅಕ್ಸೆಷನ್ ರಿಜಿಸ್ಟರುಗಳ ನಡುವೆ ಅವರ ವಾಸ. ಕೌಂಟರಿನಲ್ಲಿ ಪುಸ್ತಕ ಕೊಡುವವರಿಗೆ ಹಬ್ಬಕ್ಕೆ ಸಿಹಿ ಬರುತ್ತದೆ. ಒಳಗಿರುವ ರಾಯರಿಗೆ ಧೂಳಿನಿಂದ ಸೀನು ಬರುತ್ತದೆ.

ರಾಯರು ಒಬ್ಬರೇ ಅಲ್ಲ. ಹಳೆಯ ಲೈಬ್ರರಿ ಇರುವ ಊರಿನಲ್ಲೆಲ್ಲ ಇಂಥವರೊಬ್ಬರು ಇರುತ್ತಾರೆ. ಒಂದು ಕಡೆ ಅವರು ಗೌಡರು, ಇನ್ನೊಂದು ಕಡೆ ಪಾಟೀಲರು, ಮತ್ತೊಂದು ಕಡೆ ಕನ್ನಡಕದ ಮೇಡಂ. ಗುರುತು ಹಿಡಿಯುವುದು ಸುಲಭ. ಕೈಗೆ ಯಾವ ಪುಸ್ತಕ ಕೊಟ್ಟರೂ ಮೊದಲು ಶೀರ್ಷಿಕೆ ಪುಟದ ಹಿಂಬದಿ ನೋಡುತ್ತಾರೆ, ಆಮೇಲೆ ಕೊನೆಯ ಪುಟದ ಸಂಖ್ಯೆ ನೋಡುತ್ತಾರೆ, ಅಷ್ಟಕ್ಕೆ ಮುಚ್ಚುತ್ತಾರೆ. ಮದುವೆಯ ಕರೆಯೋಲೆ ಕೊಟ್ಟರೂ ಅದೇ ಅಭ್ಯಾಸ. ಹುಡುಗಿ ಯಾವ ಊರಿನವಳು ಎಂದು ಮನೆಯವರು ಕೇಳುತ್ತಿದ್ದರೆ, ರಾಯರು ಮುದ್ರಣಾಲಯ ಯಾವ ಊರಿನದು ಎಂದು ಹುಡುಕುತ್ತಿರುತ್ತಾರೆ.

ಈ ಲೋಕದಲ್ಲಿ ಅವರಿಗೆ ಒಬ್ಬನೇ ಶತ್ರು, ‘ಇತರೆ’. ಪಂಚಾಯಿತಿ ಬಜೆಟ್ಟು, ಸರ್ಕಾರಿ ಅರ್ಜಿ, ಮನೆಯ ತಿಂಗಳ ಖರ್ಚಿನ ಚೀಟಿ ಎಲ್ಲವೂ ಕೊನೆಯಲ್ಲಿ ‘ಇತರೆ’ ಎಂದು ಕೈತೊಳೆದುಕೊಳ್ಳುತ್ತವೆ. ರಾಯರು ಬರೆಯುವುದಿಲ್ಲ. “ಇತರೆ ಅಂತ ಬರೆದರೆ ನನ್ನ ಕೈಲಾಗಲಿಲ್ಲ ಅಂತ ರುಜು ಹಾಕಿದ ಹಾಗೆ ಸ್ವಾಮಿ.”

ಈ ದ್ವೇಷಕ್ಕೆ ಕಾರಣವಿದೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ ಹಂಚಿದ. ಅವನ ಪದ್ಧತಿಯಲ್ಲಿ ಸಾಹಿತ್ಯಕ್ಕೆ 800. ಇಂಗ್ಲಿಷಿಗೆ 820, ಜರ್ಮನ್ನಿಗೆ 830, ಫ್ರೆಂಚಿಗೆ 840, ಹೀಗೆ ಯುರೋಪಿನ ಹಲವರು ಆರಾಮವಾಗಿ ಕಾಲು ಚಾಚಿಕೊಂಡ ಮೇಲೆ ಉಳಿದ 890ರಲ್ಲಿ ಮಿಕ್ಕ ಜಗತ್ತು. ಅದರ ಹೆಸರೇ ‘ಇತರೆ ಭಾಷೆಗಳ ಸಾಹಿತ್ಯ’. ಸಂಸ್ಕೃತ, ಅರಬ್ಬಿ, ಚೀನಿ, ರಷ್ಯನ್ ಎಲ್ಲ ಅಲ್ಲೇ. ಆ ನೂಕುನುಗ್ಗಲಿನಲ್ಲಿ ಕನ್ನಡಕ್ಕೆ ಸಿಕ್ಕಿದ್ದು 894.814. ಪಂಪನಿಂದ ಹಿಡಿದು ನಿನ್ನೆಯ ಹನಿಗವನದವರೆಗೆ ಎಲ್ಲರೂ ಈ ಬಿಂದುವಿನ ಆಚೆಯ ಅಂಕಿಗಳಲ್ಲಿ ನೇತಾಡಬೇಕು. ತೆಳು ಕವನ ಸಂಕಲನದ ಬೆನ್ನಿನ ಮೇಲೆ ಇಷ್ಟು ಉದ್ದದ ನಂಬರು ಹಿಡಿಸುವುದೇ ಇಲ್ಲ. “ನಮ್ಮ ರಂಗನಾಥನ್ ಅವರು 1933ರಲ್ಲೇ ಕೋಲನ್ ಪದ್ಧತಿ ಮಾಡಿಟ್ಟಿದ್ದಾರಲ್ಲ, ಅದಕ್ಕೆ ಬದಲಾಯಿಸಬಾರದೇ?” ಎಂದು ಕೇಳಿದೆ. ರಾಯರು ಬೀರುಗಳ ಸಾಲನ್ನು ತೋರಿಸಿದರು. “ಬದಲಾಯಿಸಬಹುದು. ಲೇಬಲ್ ಕಿತ್ತು ಅಂಟಿಸೋಕೆ ನೀವು ಬರ್ತೀರಾ?”

ನೆಟ್ಟಗಿರುವ ಪುಸ್ತಕ ಬಂದರೆ ಅವರಿಗೆ ಬೇಸರ. ಲೇಖಕ, ಪ್ರಕಾಶಕ, ವರ್ಷ ಎಲ್ಲ ಜಾಗದಲ್ಲೇ ಇದ್ದರೆ ಗುಮಾಸ್ತನೂ ಬರೆದುಕೊಳ್ಳುತ್ತಾನೆ. ದಾನದ ಪೆಟ್ಟಿಗೆ ಬಂದ ದಿನ ರಾಯರ ಮುಖ ನೋಡಬೇಕು. ಅಜ್ಜ ತೀರಿಕೊಂಡು, ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ರದ್ದಿಯವನು ಕೇಳಿದ ರೇಟು ಸಾಲದೆ ಲೈಬ್ರರಿಗೆ ‘ಕೊಡುಗೆ’ ಕೊಡುತ್ತಾರೆ. ರಟ್ಟಿಲ್ಲದ್ದು, ಮೊದಲ ಹದಿನಾರು ಪುಟ ಇಲ್ಲದ್ದು, ಗೆದ್ದಲು ಓದಿ ಮುಗಿಸಿದ್ದು. ಒಂದೇ ಅಳತೆ ಎಂಬ ಏಕೈಕ ಕಾರಣಕ್ಕೆ ಬೈಂಡರು ಒಟ್ಟಿಗೆ ಹೊಲಿದ ಮೂರು ಪುಸ್ತಕ: ಹರಿಕಥೆ, ಕೃಷಿ ಇಲಾಖೆಯ ಕೈಪಿಡಿ, ಪತ್ತೇದಾರಿ ಕಾದಂಬರಿಯ ಉತ್ತರಾರ್ಧ. ಅಂಚು ಕತ್ತರಿಸುವ ಭರದಲ್ಲಿ ಮೂರರ ಹೆಸರಿನ ತಲೆಯೂ ಹಾರಿರುತ್ತದೆ.

ವರ್ಷ ಇಲ್ಲದ ಪುಸ್ತಕ ಸಿಕ್ಕರೆ ರಾಯರೊಳಗಿನ ಪೊಲೀಸು ಎಚ್ಚರಗೊಳ್ಳುತ್ತಾನೆ. ಕಾರ್ಡಿನಲ್ಲಿ ‘ವರ್ಷ ಇಲ್ಲ’ ಎಂದು ಬರೆಯಲು ನಿಯಮದ ಅನುಮತಿ ಇದೆ, ಅವರ ಮನಸ್ಸಾಕ್ಷಿಯ ಅನುಮತಿ ಇಲ್ಲ. ಬೆಲೆ ಆರಾಣೆ ಎಂದಿದೆಯೇ? ಹಾಗಾದರೆ 1957ರ ದಶಮಾಂಶ ನಾಣ್ಯಕ್ಕಿಂತ ಹಿಂದಿನದು. ನ.ಪೈ. ಎಂದಿದೆಯೇ? ನಯಾ ಪೈಸೆಯ ‘ನಯಾ’ 1964ರಲ್ಲಿ ಉದುರಿತು, ಆದ್ದರಿಂದ ಆ ಏಳು ವರ್ಷದೊಳಗೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ನಂತರ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗೆ ಮೊದಲು. ಪಿನ್ ಕೋಡ್ ಮತ್ತು ಮೈಸೂರು ರಾಜ್ಯ ಎರಡೂ ಒಂದೇ ಪುಟದಲ್ಲಿ ಸಿಕ್ಕಾಗ ರಾಯರು ಕುರ್ಚಿಯಿಂದ ಎದ್ದು ಕಾಫಿಗೆ ಹೋಗುತ್ತಾರೆ. ಒಂದು ವರ್ಷ ಚಿಲ್ಲರೆ ಅವಧಿಯೊಳಗೆ ಕಳ್ಳನನ್ನು ಕೂಡಿಹಾಕಿ ಆಗಿದೆ. ‘ವಿಭವ ಸಂವತ್ಸರದ ಶ್ರಾವಣ’ ಎಂದಷ್ಟೇ ಬರೆದು ಮುನ್ನುಡಿ ಮುಗಿಸುವ ಸಾತ್ವಿಕರಿಂದ ಮಾತ್ರ ತೊಂದರೆ. ವಿಭವ 1928ರಲ್ಲೂ ಬಂದಿತ್ತು, 1988ರಲ್ಲೂ ಬಂದಿತ್ತು. ಅರವತ್ತು ವರ್ಷದ ಈ ಅನುಮಾನವನ್ನು ರಾಯರು ಕಾಗದ ಮೂಸಿ ಬಗೆಹರಿಸುತ್ತಾರೆ.

ಹೆಸರುಗಳ ವಿಷಯಕ್ಕೆ ಬಂದರೆ ಕನ್ನಡ ಲೇಖಕರು ಸೇರಿ ರಾಯರ ವಿರುದ್ಧ ಸಂಚು ಹೂಡಿದ್ದಾರೆ. ‘ಮೊದಲು ಮನೆತನದ ಹೆಸರು ಬರೆಯಿರಿ’ ಎನ್ನುತ್ತದೆ ಇಂಗ್ಲಿಷಿನ ನಿಯಮ. ಬೇಂದ್ರೆ, ಗೋಕಾಕ, ಕಾರ್ನಾಡರು ಸರಿ, ಅದನ್ನು ಹೊತ್ತೇ ಹುಟ್ಟಿದ್ದಾರೆ. ಹಳೇ ಮೈಸೂರಿನವರ ಹತ್ತಿರ ಇರುವುದು ಊರು, ತಂದೆ, ಆಮೇಲೆ ತಾನು. ಸಂತೇಶಿವರದ ಲಿಂಗಣ್ಣಯ್ಯನವರ ಮಗ ಭೈರಪ್ಪನವರಲ್ಲಿ ಮನೆತನದ ಹೆಸರು ಯಾವುದು? ಇದರ ಮೇಲೆ ಕಾವ್ಯನಾಮ ಬೇರೆ. ಬೇಂದ್ರೆಯವರು ಅಂಬಿಕಾತನಯದತ್ತರಾಗಿ, ಮಾಸ್ತಿಯವರು ಶ್ರೀನಿವಾಸರಾಗಿ, ಗೋಕಾಕರು ವಿನಾಯಕರಾಗಿ ತಲಾ ಎರಡೆರಡು ಕಾರ್ಡು ಬೇಡುತ್ತಾರೆ. ಮುದ್ದಣನಂತೂ ತಾನು ಬರೆದ ಕಾವ್ಯವನ್ನು ಯಾರೋ ಹಳೆಯ ಕವಿಯದೆಂದು ನಂಬಿಸಲು ನೋಡಿದ ಭೂಪ. ಆದರೆ ರಾಯರ ನಿದ್ದೆ ಕೆಡಿಸಿದ್ದು ರಾಯಸಂ ಭೀಮಸೇನರಾಯರು. ತಮ್ಮ ‘ಬೀಚಿ’ ಎಂಬ ಹೆಸರಿನ ಮೊದಲಕ್ಷರವನ್ನು ಕನ್ನಡದಲ್ಲೂ ಉಳಿದದ್ದನ್ನು ಇಂಗ್ಲಿಷಿನಲ್ಲೂ ಬರೆದುಕೊಂಡರು. ಕಾರ್ಡನ್ನು ಕನ್ನಡದ ಡ್ರಾಯರಿಗೆ ಹಾಕಬೇಕೇ, ಇಂಗ್ಲಿಷಿನದಕ್ಕೇ? “ಸತ್ತ ಮೇಲೂ ತಮಾಷೆ ಮಾಡ್ತಾ ಇದಾರೆ ನೋಡಿ” ಎಂದು ರಾಯರು ಅಭಿಮಾನದಿಂದಲೇ ಗೊಣಗುತ್ತಾರೆ.

ವಿದ್ವಾಂಸರ ಮೇಲೆ ಅವರಿಗೆ ಅಸೂಯೆ ಇದೆ. ‘ಕವಿರಾಜಮಾರ್ಗ’ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ಅವರು ತಲೆಮಾರುಗಟ್ಟಲೆ ವಾದಿಸಬಹುದು, ಪೀಠಿಕೆ ಬರೆಯಬಹುದು, ಪೀಠಿಕೆಗೆ ಖಂಡನೆ ಬರೆಯಬಹುದು. ರಾಯರಿಗೆ ಇರುವುದು ಏಳೂವರೆ ಸೆಂಟಿಮೀಟರ್ ಎತ್ತರದ ಕಾರ್ಡು, ಅದರಲ್ಲಿ ಲೇಖಕನಿಗೆ ಒಂದು ಸಾಲು, ಕೆಲಸ ಮುಗಿಯಬೇಕಾದದ್ದು ಸಂಜೆ ಐದರೊಳಗೆ.

ಪುಸ್ತಕವೇ ಅಲ್ಲದ ವಸ್ತುಗಳ ಪಾಡು ಇನ್ನೂ ಚೆನ್ನ. ಪಂಚಾಂಗ ಜ್ಯೋತಿಷ್ಯವೆಂದು 133.5ಕ್ಕೆ ಹೋಗಬೇಕೇ, ಕಾಲಗಣನೆಯೆಂದು 529ಕ್ಕೇ? ಲೈಬ್ರರಿಯನ್ ಸಾಹೇಬರು ಅದನ್ನು ತಮ್ಮ ಮೇಜಿನ ಮೊಳೆಗೆ ನೇತುಹಾಕಿ ಪ್ರಶ್ನೆಯನ್ನೇ ರದ್ದುಮಾಡಿದರು. ಓಲೆಗರಿಯ ಕಟ್ಟು ಬಂದರೆ ರಾಯರು ಅದನ್ನು ಬಿಚ್ಚುವ ಮೊದಲು ಕೈತೊಳೆದು ಶಾಮಶಾಸ್ತ್ರಿಗಳನ್ನು ನೆನೆಯುತ್ತಾರೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿದ್ದ ಅವರ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು 1905ರಲ್ಲಿ, ಇಂಥದೇ ಗರಿಗಳಲ್ಲಿ. ಅಂದಿನಿಂದ ಲೈಬ್ರರಿಯವರಿಗೆಲ್ಲ ಒಂದು ಆಸೆ. ರಾಯರ ಕಟ್ಟಿನಲ್ಲಿ ಇದುವರೆಗೆ ಸಿಕ್ಕಿದ್ದು ಹಸುಗಳ ಕಾಯಿಲೆಗೆ ಔಷಧಿ ಮತ್ತು ಯಾರೋ ಯಾರಿಗೋ ಕೊಡಬೇಕಾದ ಭತ್ತದ ಲೆಕ್ಕ. ಎರಡಕ್ಕೂ ಸರಿಯಾದ ನಂಬರು ಬಿದ್ದಿದೆ.

ದಾನದ ಪುಸ್ತಕಗಳ ಹೊಟ್ಟೆಯಲ್ಲಿ ನವಿಲುಗರಿ, ಬಸ್ ಟಿಕೇಟು, ಎಲ್‌ಐಸಿ ರಸೀದಿ ಸಿಗುತ್ತವೆ. ಒಮ್ಮೆ ಪ್ರೇಮಪತ್ರವೂ ಸಿಕ್ಕಿತು. ಬೇರೆಯವರಾಗಿದ್ದರೆ ಓದಿ ನಗುತ್ತಿದ್ದರು. ರಾಯರಿಗೆ ಅದರಲ್ಲಿ ಕಂಡದ್ದು ಮೂರು ಕೊರತೆ: ದಿನಾಂಕದ ಜಾಗದಲ್ಲಿ ‘ಶುಕ್ರವಾರ’, ಸ್ಥಳದ ಜಾಗದಲ್ಲಿ ‘ಇಲ್ಲಿಂದ’, ಸಹಿಯ ಜಾಗದಲ್ಲಿ ‘ನಿನ್ನವನೇ’. ಇದು ಕಾವ್ಯನಾಮವೇ ಎಂದು ಅವರು ಗಂಭೀರವಾಗಿ ಕೇಳಿದಾಗ ಯಾರಿಗೂ ಉತ್ತರ ಹೊಳೆಯಲಿಲ್ಲ.

ನಡುವೆ ಗುತ್ತಿಗೆಯ ಮೇಲೆ ಒಬ್ಬ ಹುಡುಗ ಬಂದಿದ್ದ. ಚುರುಕು ಎಂದರೆ ಚುರುಕು. ಹೆಸರು ನೋಡಿದ ಕೂಡಲೇ ನಂಬರು. ‘ಗೃಹಭಂಗ’ ಕಾನೂನಿನ ಬೀರುವಿಗೆ ಹೋಯಿತು, ‘ಚೋಮನ ದುಡಿ’ ವಾದ್ಯಗಳ ಸಾಲಿಗೆ. ರಾಯರು ಅವನನ್ನು ಗದರಿಸಲಿಲ್ಲ. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಕೈಗಿಟ್ಟು, ಇದು ವಿಜ್ಞಾನವೋ ಕತೆಯೋ ನಾಳೆ ಹೇಳು ಎಂದರು. ಹುಡುಗ ಓದಲು ಕುಳಿತ, ಈಗ ಕ್ಯಾಟಲಾಗ್ ಬಿಟ್ಟು ಕತೆ ಬರೆಯುತ್ತಾನಂತೆ.

ಕಂಪ್ಯೂಟರ್ ಬಂದಿದೆ. ಹಿಂದೆ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕುಟ್ಟಿದ ದಾಖಲೆಗಳು ಹೊಸ ತಂತ್ರಾಂಶದಲ್ಲಿ ಇಲಿ ಓಡಾಡಿದ ಹಿಟ್ಟಿನ ಹಾಗೆ ಕಾಣುತ್ತವೆ. ರಾಯರು ಅವನ್ನೆಲ್ಲ ಮತ್ತೆ ಕುಟ್ಟುತ್ತಿದ್ದಾರೆ. ಹಳೆಯ ಕಾರ್ಡುಗಳನ್ನು ರದ್ದಿಗೆ ಹಾಕಲು ಬಿಡಲಿಲ್ಲವಾದ್ದರಿಂದ ಇದು ಸಾಧ್ಯವಾಯಿತು ಎಂಬುದನ್ನು ಯಾರೂ ಕೇಳದಿದ್ದರೂ ಹೇಳುತ್ತಾರೆ.

ಮೊನ್ನೆ ನಿವೃತ್ತ ಮೇಷ್ಟರೊಬ್ಬರು ಬಂದು, “ಆ ಪುಸ್ತಕ ಬೇಕಿತ್ತು ಕಣ್ರೀ, ನೀಲಿ ರಟ್ಟು, ಸ್ವಲ್ಪ ದಪ್ಪ” ಎಂದರು. ಲೇಖಕರು ನೆನಪಿಲ್ಲ, ಹೆಸರು ನೆನಪಿಲ್ಲ, ವಿಷಯ “ಎಲ್ಲಾ ಇದೆ ಅದರಲ್ಲಿ”. ರಾಯರು ಕಂಪ್ಯೂಟರಿನಲ್ಲಿ ಹುಡುಕಿದರು, ಡ್ರಾಯರು ಎಳೆದರು. ಅಷ್ಟರಲ್ಲಿ ಅಟೆಂಡರ್ ಒಳಗೆ ಹೋಗಿ ಅದನ್ನೇ ತಂದು ಕೈಗಿಟ್ಟ. ಅವನಿಗೆ ಡ್ಯೂಯಿಯೂ ಗೊತ್ತಿಲ್ಲ, ರಂಗನಾಥನ್ನೂ ಗೊತ್ತಿಲ್ಲ. ರಾಯರು ಆ ಸಂಜೆಯೇ ದಾಖಲೆ ತೆರೆದು ಟಿಪ್ಪಣಿಯ ಜಾಗದಲ್ಲಿ ‘ನೀಲಿ ರಟ್ಟು’ ಎಂದು ಸೇರಿಸಿದರು. ಮೇಷ್ಟರು ವಾಪಸು ತಂದಾಗ ಹೊಲಿಗೆ ಬಿಟ್ಟಿದ್ದರಿಂದ ಪುಸ್ತಕ ಬೈಂಡಿಂಗಿಗೆ ಹೋಯಿತು, ಕೆಂಪು ರಟ್ಟು ತೊಟ್ಟು ಬಂತು. ಈಗ ದಾಖಲೆಯಲ್ಲಿ ಹೀಗಿದೆ: ‘ನೀಲಿ ರಟ್ಟು. ಸದ್ಯಕ್ಕೆ ಕೆಂಪು. ಸಿಗದಿದ್ದರೆ ಅಟೆಂಡರನ್ನು ಕೇಳಿ.’