ಪುಣೆಯಲ್ಲಿ ಜೆಕ್ ಭಾಷಾಂತರಕಾರ: ಒಂದು ಪ್ರಮಾಣಮೀಮಾಂಸೆ

ಪ್ರವಾಸಕ್ಕೆ ಸಂಬಂಧಿಸಿದ ಜೆಕ್ ಬರಹವನ್ನು ಇಂಗ್ಲಿಷಿಗೆ ತರಬಲ್ಲವನೇ ಜೆಕ್ ಭಾಷಾಂತರಕಾರ. ಇದು ಲಕ್ಷಣ. ಯೂರೋಪಿಗೆ ಗುಂಪು ಕರೆದೊಯ್ಯುವ ಟೂರ್ ಕಂಪನಿಯವರು ಅಧಿಕಾರಿಗಳು. ಪ್ರಾಗ್, ಕಾರ್ಲೋವಿ ವಾರಿಗಳಲ್ಲಿ ಗಿರಾಕಿ ಉಪವಾಸ ಬೀಳದಿರುವುದು ಪ್ರಯೋಜನ.

ಇಂಥವನು ಪುಣೆಯಲ್ಲೇ ಇದ್ದಾನೆ ಎಂಬುದು ಪೂರ್ವಪಕ್ಷ. ಜೆಕ್ ನಾಡಿನ ಸ್ಕೋಡಾ 2019ರಲ್ಲಿ ಫೋಕ್ಸ್‌ವ್ಯಾಗನ್ ಜತೆ ಒಂದೇ ಕಂಪನಿಯಾಗಿ ಪುಣೆಯಲ್ಲಿ ನೆಲೆ ನಿಂತಿದೆ, ಚಾಕಣದಲ್ಲಿ ಕಾರ್ಖಾನೆಯಿದೆ. ಕಾರು ಬಂದ ಮೇಲೆ ಭಾಷೆ ಬಾರದೆ ಇದ್ದೀತೇ? ಇದ್ದೀತು. ಜೆಕ್ ಭಾಷೆಗೆ ಏಳು ವಿಭಕ್ತಿಗಳಿವೆ. ಕಾರಿನ ಬೋಲ್ಟು ಬಿಗಿಯಲು ಪ್ರಥಮಾ ವಿಭಕ್ತಿಯೂ ಬೇಕಿಲ್ಲ.

ಇನ್ನು ಪ್ರಮಾಣಗಳು.

ಪ್ರತ್ಯಕ್ಷ: ಫರ್ಗ್ಯುಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿಗೆ ಹೋದರೆ ಜರ್ಮನ್, ಫ್ರೆಂಚ್, ರಷ್ಯನ್, ಜಪಾನಿ ಕಲಿತವರು ಎದುರಾಗುತ್ತಾರೆ. ಜೆಕ್ ಪಾಠ ಬೇಕಾದವರು ದೆಹಲಿ ವಿಶ್ವವಿದ್ಯಾಲಯದವರೆಗೆ ಹೋಗಬೇಕು.

ಅನುಮಾನ: ರಷ್ಯನ್ ಸ್ಲಾವಿಕ್ ಭಾಷೆ, ಜೆಕ್ ಕೂಡ ಸ್ಲಾವಿಕ್; ಆದ್ದರಿಂದ ರಷ್ಯನ್ ಬಲ್ಲವನು ಜೆಕ್ ಬಲ್ಲ. ಈ ತರ್ಕದಂತೆ ಧಾರವಾಡದವರೆಲ್ಲ ಬಲೂಚಿಸ್ತಾನಕ್ಕೆ ಹೋಗಿ ಬ್ರಾಹೂಯಿಯಲ್ಲಿ ಹರಟಬೇಕಾಗುತ್ತದೆ. ಎರಡೂ ದ್ರಾವಿಡವೇ ತಾನೆ.

ಉಪಮಾನ: ಮೊಬೈಲು ಮನುಷ್ಯನಂತೆಯೇ ಭಾಷಾಂತರಿಸುತ್ತದೆ ಎಂಬ ನಂಬಿಕೆ. ಮೆನು ಕಾರ್ಡಿನ ಸ್ಮಜೆನಿ ಸೀರ್ ಎಂಬುದನ್ನು ಅದು ಕರಿದ ಚೀಸ್ ಎಂದು ಸರಿಯಾಗಿಯೇ ಹೇಳುತ್ತದೆ. ಪಕ್ಕದಲ್ಲಿರುವ 1, 3, 7 ಎಂಬ ಅಂಕಿಗಳನ್ನು ಮಾತ್ರ ಹಾಗೆಯೇ ಬಿಡುತ್ತದೆ. ಅವು ಅಲರ್ಜಿ ತರಬಹುದಾದ ಪದಾರ್ಥಗಳ ಸಂಕೇತ. ಯೂರೋಪಿನ ನಿಯಮದ ಪಟ್ಟಿಯಲ್ಲಿ ಅಂಥವು 14. ಒಂದು ಗ್ಲುಟೆನ್, ಏಳು ಹಾಲು, ಮೂರು ಮೊಟ್ಟೆ. ಚೀಸಿನ ಮೇಲಿನ ಗರಿಗರಿ ಹೊದಿಕೆ ಅಂಟಿ ನಿಂತಿರುವುದೇ ಮೊಟ್ಟೆಯಿಂದ. ಸದಾಶಿವ ಪೇಟೆಯ ಶುದ್ಧ ಶಾಕಾಹಾರಿ ಅದನ್ನು ಪನೀರ್ ಪಕೋಡದ ಭಾವದಿಂದ ಸ್ವೀಕರಿಸುತ್ತಾನೆ.

ಶಬ್ದ, ಅಂದರೆ ಆಪ್ತವಾಕ್ಯ: ವೈಶಾಲಿ ಹೋಟೆಲಿನಲ್ಲಿ ಇಡ್ಲಿಯ ಮುಂದೆ ಕೂತ ಹಿರಿಯ ಕನ್ನಡಿಗರು, "ನಮ್ಮ ಪೈಕಿ ಹುಡುಗನೇ ಜೆಕ್ ನಾಡಿನ ಬರ್ನೋದಲ್ಲಿದ್ದಾನೆ, ಫೋನ್ ಹಚ್ಚಲೇನು?" ಎನ್ನುತ್ತಾರೆ. ಹುಡುಗ ಸಿಗುತ್ತಾನೆ. ಆಫೀಸಿನಲ್ಲೆಲ್ಲ ಇಂಗ್ಲಿಷೇ ನಡೆಯುವುದರಿಂದ ಅವನ ಜೆಕ್ ನಮಸ್ಕಾರ ದಾಟಿರುವುದಿಲ್ಲ.

ಅನುಪಲಬ್ಧಿ: ಭಾಟ್ಟ ಮೀಮಾಂಸಕರು ಒಪ್ಪಿದ ಆರನೆಯ ಪ್ರಮಾಣ. ಹುಡುಕಿದರೂ ಸಿಗದಿರುವುದರಿಂದಲೇ ಇಲ್ಲವೆಂಬ ಜ್ಞಾನ ಉಂಟಾಗುತ್ತದೆ. ಐದನೆಯದಾದ ಅರ್ಥಾಪತ್ತಿಯನ್ನು ಗಡುವು ಹತ್ತಿರ ಬಂದ ಕಾರಣ ಕೈಬಿಡಲಾಗಿದೆ.

ಸಿದ್ಧಾಂತ ಇಂತಿದೆ. ಭಾಷಾಂತರಕಾರ ತನ್ನ ಮಾತೃಭಾಷೆಗೆ ತರುವುದೇ ಕಸಬಿನ ರೂಢಿ. ಹಾಗಾಗಿ ಜೆಕ್ ನಾಡಿನಲ್ಲಿ ನೆಲೆಸಿದ ಇಂಗ್ಲಿಷ್ ಮಾತೃಭಾಷೆಯವನೇ ಉತ್ತಮ. ಅಂಥವರನ್ನು ಪ್ರಾಗ್‌ನ ಭಾಷಾಂತರಕಾರರ ಸಂಘದ ಮೂಲಕ ವಿಚಾರಿಸಬಹುದು. ಪುಣೆಯವರು ಪದಕ್ಕಿಷ್ಟು ಎಂದು ದರ ಕೇಳಿದರೆ ಅಲ್ಲಿನವರು ಪುಟಕ್ಕಿಷ್ಟು ಎನ್ನುತ್ತಾರೆ. ಪುಟವೆಂದರೆ ಜಾಗವೂ ಸೇರಿ 1800 ಅಕ್ಷರ. ಐಎಸ್‌ಒ 17100ರ ಪ್ರಕಾರ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮೂಲದೊಂದಿಗೆ ಹೋಲಿಸಿ ತಿದ್ದಬೇಕು. ಒಬ್ಬನಿಗೇ ಇಷ್ಟು ಶಾಸ್ತ್ರ ಬೇಕಾಯಿತು, ಇನ್ನೊಬ್ಬನ ಬಿಲ್ಲನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂಬ ಅಕೌಂಟೆಂಟರ ಆಕ್ಷೇಪಕ್ಕೆ ಯಾವ ದರ್ಶನದಲ್ಲೂ ಸಮಾಧಾನವಿಲ್ಲ.